ಮೂಗಿನಿಂದ ಮನಸ್ಸಿಗೆ ನೇರ ಲೈನು

ಬಾಡಿಗೆಗೆ ಮನೆ ನೋಡಲು ಹೋದವರನ್ನು ಬೆಂಗಳೂರಿನ ಮಾಲೀಕರು ಏನೇನು ಕೇಳುತ್ತಾರೆಂದು ನನಗೆ ಗೊತ್ತಿತ್ತು. ವೆಜ್ಜಾ, ನಾನ್‌ವೆಜ್ಜಾ, ಎಷ್ಟು ಜನ, ಊರಿಂದ ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ. ವಿಜಯನಗರದ ಆ ಮನೆಯ ಓನರ್ ಇದ್ಯಾವುದನ್ನೂ ಕೇಳಲಿಲ್ಲ. ನನ್ನನ್ನೂ ನನ್ನ ಗಂಡನನ್ನೂ ಒಮ್ಮೆ ನೋಡಿ, "ನಿಮ್ಮಿಬ್ರಿಗೂ ಯಾವ ವಾಸನೆ ಇಷ್ಟ?" ಎಂದರು.

ನನ್ನ ಗಂಡ ತಮಾಷೆಗೆ "ಪೆಟ್ರೋಲ್ ಸಾರ್" ಎಂದ. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ತಕ್ಷಣಕ್ಕೆ ಏನೂ ಹೊಳೆಯದೆ "ಸ್ಪಿರಿಟ್" ಎಂದುಬಿಟ್ಟೆ. ಅವರು ನಗಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸಿದರು.

"ಇಬ್ರಿಗೂ ಒಂದು ಕಡೆ ಕೂರಕ್ಕಾಗಲ್ಲ. ಪರವಾಗಿಲ್ಲ, ಈ ಮನೇಲಿ ಸರಿಹೋಗ್ತೀರ. ಯಾವಾಗ ಬರ್ತೀರಾ?"

ಹೀಗೆ ನಾವು ಅವರ ಕೆಳಮನೆಗೆ ಬಂದೆವು. ಅವರ ಹೆಸರು ಇಲ್ಲಿ ಬೇಡ. ಬೀದಿಯಲ್ಲೂ ಯಾರೂ ಹೆಸರಿನಿಂದ ಕರೆಯುತ್ತಿರಲಿಲ್ಲ, ಎಲ್ಲರಿಗೂ ಅವರು ಘಮ ಅಂಕಲ್. ಟೆಲಿಫೋನ್ ಇಲಾಖೆಯಲ್ಲಿ ಜೂನಿಯರ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಇಡೀ ಸರ್ವಿಸು ಕೆಟ್ಟ ಲೈನು ಹುಡುಕುವುದರಲ್ಲಿ ಕಳೆದದ್ದರಿಂದಲೋ ಏನೋ, ಮನುಷ್ಯರ ಬಗ್ಗೆ ಮಾತಾಡುವಾಗಲೂ ಅದೇ ಭಾಷೆ ಬರುತ್ತಿತ್ತು. "ಕಣ್ಣು, ಕಿವಿ ಎಲ್ಲಾ ಎಕ್ಸ್‌ಚೇಂಜ್ ಮೂಲಕ ಹೋಗ್ಬೇಕಮ್ಮಾ. ಮೂಗು ಹಂಗಲ್ಲ. ಮೂಗಿಂದ ಮನಸ್ಸಿಗೆ ಡೈರೆಕ್ಟ್ ಲೈನು," ಎನ್ನುವುದು ಅವರು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಮಾತು.

ಅವರ ತಾರಸಿಯಲ್ಲಿ ತುಳಸಿಗಿಂತ ಬೇರೆ ಗಿಡಗಳೇ ಜಾಸ್ತಿ. ದವನ, ಮರುಗ, ಪಚ್ಚೆತೆನೆ, ನಿಂಬೆಹುಲ್ಲು. ಒಳಗೆ ಗಾಜಿನ ಬೀರುವಿನಲ್ಲಿ ಚಿಕ್ಕಪೇಟೆಯಿಂದಲೋ ಆನ್‌ಲೈನಿನಿಂದಲೋ ತರಿಸಿದ ಕಂದು ಬಣ್ಣದ ಪುಟ್ಟ ಬಾಟಲಿಗಳು. ಬೆಳಿಗ್ಗೆ ನಿಂಬೆಹುಲ್ಲಿನ ಎಣ್ಣೆ, ಮಧ್ಯಾಹ್ನ ಲಾವಂಚ, ಸಂಜೆಗೆ ಲ್ಯಾವೆಂಡರ್. ಮಣ್ಣಿನ ಗೂಡಿನಲ್ಲಿ ದೀಪ, ಅದರ ಮೇಲೊಂದು ಬಟ್ಟಲು, ಬಟ್ಟಲಲ್ಲಿ ನೀರು, ನೀರಿಗೆ ಕೆಲವು ಹನಿ ಎಣ್ಣೆ. ಅದು ಬಿಸಿಯಾಗುತ್ತಿದ್ದಂತೆ ಮೆಟ್ಟಿಲಿಳಿದು ನಮ್ಮ ಅಡುಗೆಮನೆಗೂ ಬರುತ್ತಿತ್ತು. ಒಗ್ಗರಣೆಗೆ ಇಂಗು ಹಾಕಿದರೂ ನನಗೆ ಲ್ಯಾವೆಂಡರೇ ಹೊಡೆಯುತ್ತಿತ್ತು.

ಯಾರಾದರೂ ಮುಖ ಸಣ್ಣದು ಮಾಡಿಕೊಂಡು ಎದುರಾದರೆ ಸಾಕು, ಅಂಗಿ ಜೇಬಿನಿಂದ ಹತ್ತಿ ತೆಗೆದು, ಒಂದು ಹನಿ ಹಾಕಿ, ಮೂಗಿನಿಂದ ಗೇಣು ದೂರದಲ್ಲಿ ಹಿಡಿಯುತ್ತಿದ್ದರು. ಹಿಡಿದು, ನಮ್ಮ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದರು. ಆ ನೋಟದ ಎದುರು "ಏನೂ ಆಗ್ಲಿಲ್ಲ" ಎನ್ನುವುದು ಬಹಳ ಕಷ್ಟ. ಅಂಚೆಯವರು, ಪಕ್ಕದ ಇಸ್ತ್ರಿ ಅಂಗಡಿಯವರು, ನಾನು, ಎಲ್ಲರೂ "ಹಾಯ್ ಅನ್ಸುತ್ತೆ ಸಾರ್" ಎಂದು ಹೇಳಿ ತಪ್ಪಿಸಿಕೊಂಡವರೇ.

ಒಮ್ಮೆ ಎದುರುಮನೆಯವರೂ ಮೂಲೆಮನೆಯವರೂ ಕಾರು ನಿಲ್ಲಿಸುವ ವಿಷಯಕ್ಕೆ ರಸ್ತೆಯಲ್ಲಿ ಕೂಗಾಡುತ್ತಿದ್ದರು. ಅಂಕಲ್ ಲುಂಗಿಯಲ್ಲೇ ಇಳಿದುಹೋಗಿ ಇಬ್ಬರ ಮೂಗಿಗೂ ಒಂದೊಂದು ಹತ್ತಿ ಹಿಡಿದರು. ಜಗಳ ನಿಂತಿತು, ನಿಜ. ಆದರೆ ನಿಂತದ್ದು ಇಬ್ಬರೂ ಸೇರಿ ಇವರನ್ನು ನೋಡಿ ನಕ್ಕಿದ್ದಕ್ಕೆ. "ನೋಡಿದ್ಯಾ? ಕಿತ್ತಳೆ ಸಿಪ್ಪೆ ಎಣ್ಣೆ," ಎಂದು ನನಗೆ ಹೇಳಿ ಹೆಮ್ಮೆಯಿಂದ ಮೇಲೆ ಹೋದರು.

ನಮ್ಮ ಬಚ್ಚಲಿನ ಚೇಂಬರ್ ಕಟ್ಟಿಕೊಂಡು ಕೊಳಚೆ ನೀರು ಹಿಂದಕ್ಕೆ ಬಂದಾಗ ಮಾತ್ರ ನನಗೆ ನಗು ಬರಲಿಲ್ಲ. ಕೆಲಸದಿಂದ ಬಂದು ಬಾಗಿಲು ತೆಗೆದರೆ ಒಳಗೆ ನಿಲ್ಲುವಂತಿಲ್ಲ. ಮೇಲೆ ಹೋಗಿ ಹೇಳಿದೆ. ಅಂಕಲ್ ಗಾಬರಿಯಿಂದ ಇಳಿದು ಬಂದರು. ಕೈಯಲ್ಲಿ ಅದೇ ಮಣ್ಣಿನ ಗೂಡು.

"ಅಂಕಲ್, ಪ್ಲಂಬರ್‌ನ ಕರೆಸಿ."

"ಕರೆಸ್ತೀನಮ್ಮಾ. ಅವನು ಬರೋವರೆಗೂ ನಿನ್ನ ಮನಸ್ಸು ಕೆಡಬಾರದಲ್ವಾ?"

"ನನ್ನ ಮನಸ್ಸಲ್ಲ ಅಂಕಲ್ ಕಟ್ಕೊಂಡಿರೋದು, ಪೈಪು."

ಪ್ಲಂಬರ್ ಬಂದದ್ದು ವಾರದ ಮೇಲೆ. ಅಷ್ಟು ದಿನವೂ ಕೊಳಚೆಯ ಮೇಲೆ ನಿಂಬೆಹುಲ್ಲು ತೇಲಿಬಿಟ್ಟ ಆ ವಾಸನೆ ಇದೆಯಲ್ಲ, ಬರಿಯ ಕೊಳಚೆಯಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಇಷ್ಟೇ ಆಗಿದ್ದರೆ ಅವರೊಬ್ಬ ವಿಚಿತ್ರ ಮನುಷ್ಯ ಎಂದು ಬಿಟ್ಟುಬಿಡಬಹುದಿತ್ತು. ನನ್ನನ್ನು ಹೆಚ್ಚು ಕೆಣಕುತ್ತಿದ್ದದ್ದು, ಕೆಲವೊಮ್ಮೆ ಅವರು ಹೇಳಿದ್ದು ಸರಿಯಾಗಿರುತ್ತಿತ್ತು ಎಂಬುದು. ದಿನವಿಡೀ ಕೌಂಟರಿನಲ್ಲಿ ನಿಂತು, ಜನರ ಹತ್ತಿರ ಚಿಲ್ಲರೆಗೆ ಬಾಯಿ ಮಾಡಿ ಬಂದ ಸಂಜೆಗಳಲ್ಲಿ ನನ್ನ ತಲೆ ಸಿಡಿಯುತ್ತಿತ್ತು. ಅವರು ಕರ್ಚೀಫಿಗೆ ಹಾಕಿಕೊಟ್ಟ ಲಾವಂಚದ ಎಣ್ಣೆಯನ್ನು ಮೂಸುತ್ತ ಕಣ್ಣು ಮುಚ್ಚಿ ಕೂತರೆ ಕುತ್ತಿಗೆಯ ಬಿಗಿ ಸಡಿಲವಾಗುತ್ತಿತ್ತು. ಇದನ್ನು ಅವರಿಗೆ ಹೇಳಲೇಬಾರದಿತ್ತು. ಹೇಳಿದೆ. ಆಮೇಲೆ ಪ್ರತಿ ವಾದದಲ್ಲೂ ನಾನೇ ಅವರ ಸಾಕ್ಷಿಯಾದೆ.

ಅವರ ಹೆಂಡತಿಯನ್ನು ನಾನು ಮೊದಲ ವರ್ಷ ಹೆಚ್ಚಾಗಿ ನೋಡಿದ್ದಿಲ್ಲ. ಮನೆಯಲ್ಲೇ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳುತ್ತಿದ್ದರಂತೆ. ನಾವು ಬರುವ ಹೊತ್ತಿಗೆ ಅದು ನಿಂತಿತ್ತು. ಆಂಟಿಗೆ ಖಿನ್ನತೆ. ಗೋಡೆಯ ಕಡೆ ಮುಖ ಮಾಡಿ ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಏಕೆ ಹೀಗಾಯಿತು ಎಂದು ಕೇಳಿದವರಿಗೆ ನೆಂಟರು ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು. ಅಂಕಲ್ ಮಾತ್ರ, "ಲೈನು ಸರಿಯಾಗೇ ಇದೆ, ಡಯಲ್ ಟೋನ್ ಬರ್ತಿಲ್ಲ ಅಷ್ಟೆ," ಎನ್ನುತ್ತಿದ್ದರು.

ಮನೋವೈದ್ಯರಿಗೆ ತೋರಿಸಿದ್ದರು. ಆ ಮಾತ್ರೆಗಳನ್ನು ಪ್ರತಿ ತಿಂಗಳೂ ನಮ್ಮ ಅಂಗಡಿಯಲ್ಲೇ ಕೊಳ್ಳುತ್ತಿದ್ದರು. ಅಂಥ ಮಾತ್ರೆ ಇಂದು ನುಂಗಿ ನಾಳೆ ಕೆಲಸ ಮಾಡುವುದಲ್ಲ, ವಾರಗಳು ಬೇಕು. ಅದು ನಿಧಾನವಾಗಿ ಒಳಗೆ ಕೆಲಸ ಮಾಡುತ್ತಿದ್ದ ಕಾಲದಲ್ಲೇ ಅಂಕಲ್ ಪ್ರತಿ ಸಂಜೆ ಹೆಂಡತಿಯ ಮಂಚದ ಪಕ್ಕ ದೀಪ ಹಚ್ಚಿ ಒಂದೊಂದು ವಾಸನೆ ಪ್ರಯೋಗ ಮಾಡುತ್ತಿದ್ದರು. ಒಂದು ಸಂಜೆ ತಾರಸಿಯಿಂದ ದವನ ಕಿತ್ತು ತಂದು ದಿಂಬಿನ ಹತ್ತಿರ ಇಟ್ಟರು. ಆಂಟಿ ಎದ್ದು ಕೂತರು. ಅಡುಗೆಮನೆಗೆ ಹೋಗಿ, ಎಷ್ಟೋ ತಿಂಗಳ ನಂತರ, ತಾವೇ ಉಪ್ಪಿಟ್ಟು ಮಾಡಿದರು.

ಅಂಕಲ್ ಆ ಉಪ್ಪಿಟ್ಟನ್ನು ತಟ್ಟೆಯಲ್ಲಿ ಹಾಕಿಕೊಂಡು ನಮ್ಮ ಮನೆಗೂ ತಂದರು. ಕಣ್ಣಲ್ಲಿ ನೀರು. "ದವನ ಕಣಮ್ಮಾ, ದವನ! ಡಯಲ್ ಟೋನ್ ಬಂತು!" ಆ ಹೊತ್ತಿನಲ್ಲಿ ಮಾತ್ರೆಯ ವಿಷಯ ಎತ್ತಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಎರಡು ತಿಂಗಳು ಅವರು ಮಾತ್ರೆಗೆ ಬರಲಿಲ್ಲ. ಬೇರೆ ಅಂಗಡಿಯಲ್ಲಿ ಕೊಳ್ಳುತ್ತಿರಬಹುದು ಎಂದುಕೊಂಡೆ. ಒಂದು ದಿನ ಕೆಮ್ಮಿನ ಸಿರಪ್‌ಗೆ ಬಂದಾಗ ಕೇಳಿದೆ.

"ಅಂಕಲ್, ಆಂಟಿ ಮಾತ್ರೆ?"

"ಅದು ಈಗ ಬೇಡಮ್ಮಾ. ನಿಲ್ಸಿದೀನಿ."

"ಡಾಕ್ಟರ್ ಹೇಳಿದ್ರಾ?"

"ಡಾಕ್ಟರ್ ಯಾಕೆ ಹೇಳ್ತಾರೆ? ಅವರ ವ್ಯಾಪಾರ. ನಾನು ಕಣ್ಣಾರೆ ನೋಡಿಲ್ವಾ, ಎದ್ದಿದ್ದು ಯಾತಕ್ಕೆ ಅಂತ?"

ಕೌಂಟರಿನ ಈಚೆ ನಿಂತು ನಾನು ಹೇಳಬೇಕಾದದ್ದೆಲ್ಲ ಹೇಳಿದೆ. ಹೀಗೆ ಇದ್ದಕ್ಕಿದ್ದಂತೆ ನಿಲ್ಲಿಸಬಾರದು, ಮತ್ತೆ ಮೊದಲಿನ ಹಾಗೆ ಆಗಬಹುದು, ಬೇಕಾದರೆ ಎರಡನ್ನೂ ಮಾಡಿ, ದವನವೂ ಇರಲಿ ಮಾತ್ರೆಯೂ ಇರಲಿ, ಯಾರು ಬೇಡ ಅಂದರು? ಹಿಂದೆ ಜನ ಕಾಯುತ್ತಿದ್ದರು. ಅಂಕಲ್ ಎಲ್ಲವನ್ನೂ ಶಾಂತವಾಗಿ ಕೇಳಿ, "ನೀನು ಮಧ್ಯಾಹ್ನ ಊಟ ಮಾಡಿಲ್ಲ ಅನ್ಸುತ್ತೆ. ದನಿ ಬಿಗಿಯಾಗಿದೆ," ಎಂದು ಜೇಬಿನಿಂದ ಹತ್ತಿ ತೆಗೆದರು. ನಾನು ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಅವರು ಅದಕ್ಕೂ ಸಿಟ್ಟಾಗಲಿಲ್ಲ. ಸಿಟ್ಟೇ ಮಾಡಿಕೊಳ್ಳದ ಮನುಷ್ಯನ ಜೊತೆ ಜಗಳವಾಡುವುದು ದಿಂಬಿಗೆ ಗುದ್ದಿದ ಹಾಗೆ. ಕೈ ನೋಯುವುದಿಲ್ಲ, ದಿಂಬೂ ಹಾಗೇ ಇರುತ್ತದೆ.

ಆಂಟಿ ಮತ್ತೆ ಗೋಡೆಯ ಕಡೆ ತಿರುಗಿದರು. ಈ ಸಲ ಸ್ನಾನವೂ ನಿಂತಿತು. ಮೇಲಿನಿಂದ ಬರುತ್ತಿದ್ದ ವಾಸನೆ ದಿನದಿಂದ ದಿನಕ್ಕೆ ದಪ್ಪವಾಯಿತು. ದವನ ಸಾಲದೆ ಮಲ್ಲಿಗೆ, ಮಲ್ಲಿಗೆ ಸಾಲದೆ ಗಂಧ. ನಮ್ಮ ಮನೆಗೆ ಬಂದ ನನ್ನ ನಾದಿನಿ "ಮೇಲೇನು ಮದುವೆ ನಡೀತಿದ್ಯಾ?" ಎಂದು ಕೇಳಿದಳು. ನಾನು ಮೆಟ್ಟಿಲಲ್ಲಿ ಅಂಕಲ್‌ರನ್ನು ಅಡ್ಡಗಟ್ಟಿ ಮತ್ತೆ ಹೇಳಿದೆ, ನನ್ನ ಗಂಡನಿಂದ ಹೇಳಿಸಿದೆ. "ಡೋಸು ಸರಿಹೋಗಿಲ್ಲ, ಇನ್ನೊಂದು ಮಿಕ್ಸ್ ತರಿಸಿದೀನಿ," ಎಂಬುದೇ ಉತ್ತರ.

ಒಂದು ಮಧ್ಯಾಹ್ನ ಅವರು ಬ್ಯಾಂಕಿಗೆ ಹೋದದ್ದು ನೋಡಿ ನಾನೇ ಮೇಲೆ ಹೋದೆ. ಆಂಟಿಯ ಕೋಣೆಯ ಕಿಟಕಿಗಳೆಲ್ಲ ಮುಚ್ಚಿದ್ದವು. ಘಮ ಹೊರಗೆ ಹೋಗಬಾರದೆಂದು ಸಂದಿಗಳಿಗೆ ಬಟ್ಟೆ ತುರುಕಿದ್ದರು. ಒಳಗೆ ಕಾಲಿಟ್ಟ ನನಗೇ ಕೆಮ್ಮು ಬಂತು. ಆಂಟಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದರು.

"ಆಂಟಿ, ಕಿಟಕಿ ತೆಗೀಲಾ?"

"ತೆಗಿ. ಅವರು ಬರೋಷ್ಟರಲ್ಲಿ ಮುಚ್ಚಿಬಿಡು."

"ನಿಮಗೆ ಈ ವಾಸನೆ ಆಗುತ್ತಾ?"

"ಉಸಿರು ಕಟ್ಟುತ್ತೆ ಕಣಮ್ಮಾ. ಹೇಳಿದ್ರೆ ಅವರಿಗೆ ಬೇಜಾರಾಗುತ್ತೆ."

ಮಂಚದ ಪಕ್ಕದಲ್ಲೇ ಕೂತೆ. ನನಗೆ ಯಾರ ಮೇಲೆ ರೇಗಬೇಕೋ ತಿಳಿಯಲಿಲ್ಲ. ಒಬ್ಬರು ಗುಣಪಡಿಸುತ್ತೇನೆಂದು ಉಸಿರು ಕಟ್ಟಿಸುತ್ತಿದ್ದಾರೆ, ಇನ್ನೊಬ್ಬರು ಅವರಿಗೆ ನೋವಾದೀತೆಂದು ಉಸಿರು ಕಟ್ಟಿಕೊಂಡು ಮಲಗಿದ್ದಾರೆ. ಕೆಂಗೇರಿಯಲ್ಲಿರುವ ನಿಮ್ಮ ತಂಗಿಗೆ ಫೋನ್ ಮಾಡಲೇ ಎಂದು ಕೇಳಿದೆ. ಆಂಟಿ ಬೇಡ ಎನ್ನಲಿಲ್ಲ. ದಿಂಬಿನ ಕೆಳಗಿಂದ ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು.

ತಂಗಿ ಮರುದಿನ ಬೆಳಿಗ್ಗೆಯೇ ಬಂದರು. ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯಿನಿ, ಗಟ್ಟಿ ದನಿಯ ಹೆಂಗಸು. ಕೋಣೆಗೆ ಹೋದವರೇ ಸಂದಿಯ ಬಟ್ಟೆಗಳನ್ನೆಲ್ಲ ಕಿತ್ತು ಎಸೆದರು.

"ಭಾವ, ಅಕ್ಕನ್ನ ಕರ್ಕೊಂಡ್ ಹೋಗ್ತಾ ಇದೀನಿ."

ಅಂಕಲ್ ವಾದ ಮಾಡುತ್ತಾರೆಂದು ನಾನು ಸಿದ್ಧಳಾಗಿ ನಿಂತಿದ್ದೆ. ಮಾಡಲಿಲ್ಲ. "ಗಾಳಿ ಬದಲಾವಣೆ ಒಳ್ಳೇದೇ," ಎಂದು ಒಳಗೆ ಹೋಗಿ, ಒಂದು ಚೀಲ ತುಂಬಿಸಿ ತಂದರು. ಚೀಲದಲ್ಲಿ ಬಾಟಲಿಗಳ ಸದ್ದು.

"ಬಾಟಲಿ ಬೇಡ ಭಾವ. ಬಟ್ಟೆ ಕೊಡಿ ಸಾಕು."

"ಬೆಳಿಗ್ಗೆದು ಒಂದಾದ್ರೂ..."

"ಬೇಡ ಅಂದೆ."

ಆಟೋ ಹೊರಟ ಮೇಲೂ ಅವರು ಚೀಲ ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದರು. ನನ್ನ ಕಡೆ ತಿರುಗಿ, "ಪಾಪ, ಇವಳ ತಂಗಿಗೆ ಗೊತ್ತಾಗಲ್ಲ," ಎಂದರು. ತಂಗಿಗೆ ಫೋನ್ ಮಾಡಿದವಳು ನಾನೆಂದು ಅವರಿಗೆ ತಿಳಿದಿತ್ತು. ಆ ಬಗ್ಗೆ ಒಂದು ಮಾತೂ ಆಡಲಿಲ್ಲ.

ಕೆಂಗೇರಿಯಲ್ಲಿ ಮತ್ತೆ ಡಾಕ್ಟರು, ಮತ್ತೆ ಮಾತ್ರೆ. ಅಂಕಲ್ ದಿನಾ ಊಟ ಮುಗಿಸಿ ಮೆಟ್ರೋ ಹತ್ತಿ ಹೋಗಿ ಹೆಂಡತಿಯ ಪಕ್ಕ ಕೂತು ಸಂಜೆ ಹಿಂದಿರುಗುತ್ತಿದ್ದರು. ಒಂದೆರಡು ಸಲ ಅಂಗಿ ಜೇಬಿನಲ್ಲಿ ದವನದ ಕಡ್ಡಿ ಬಚ್ಚಿಟ್ಟುಕೊಂಡು ಹೋಗಿದ್ದರಂತೆ. ಆಂಟಿಯ ತಂಗಿ ಬಾಗಿಲಲ್ಲೇ ಹಿಡಿದು, ಅದನ್ನು ಕಾಂಪೌಂಡ್ ಗೋಡೆಯ ಮೇಲೆ ಇಡಿಸಿ ಒಳಗೆ ಬಿಟ್ಟರಂತೆ. ಇದನ್ನು ಅಂಕಲ್ಲೇ ನನಗೆ ಹೇಳಿದರು, ಒಂದಿಷ್ಟೂ ಸಂಕೋಚವಿಲ್ಲದೆ. "ಗಾಳಿ ಆ ಕಡೆಯಿಂದಲೇ ಬೀಸ್ತಿತ್ತು ಬಿಡು, ಒಳಗೆ ಹೋಗೇ ಹೋಗುತ್ತೆ."

ಮಳೆಗಾಲ ಮುಗಿಯುವ ಹೊತ್ತಿಗೆ ಆಂಟಿ ಹಿಂದಿರುಗಿದರು. ತಾವೇ ಗೇಟು ತೆಗೆದು, ತಾವೇ ಮೆಟ್ಟಿಲು ಹತ್ತಿ. ದೀಪಾವಳಿಯಾದ ಮೇಲೆ ಟ್ಯೂಷನ್ ಕೂಡ ಶುರುವಾಯಿತು. ಬೀದಿಯವರಿಗೆಲ್ಲ ಆಶ್ಚರ್ಯ. ಅಂಕಲ್ ಸಿಕ್ಕಸಿಕ್ಕವರಿಗೆ ಹೇಳಿದ್ದು ಒಂದೇ ಮಾತು: ದವನ.

ನನಗೆ ತಡೆಯಲಾಗಲಿಲ್ಲ. ಹಾಲಿನ ಬೂತಿನ ಎದುರು, ನಾಲ್ಕು ಜನರ ಮುಂದೆ, "ಅಂಕಲ್, ಮಾತ್ರೆ! ಮಾತ್ರೆ ತಗೊಂಡಿದ್ದಕ್ಕೆ!" ಎಂದು ಕೂಗಿಯೇಬಿಟ್ಟೆ.

"ಅದೂ ಇತ್ತು ಬಿಡಮ್ಮಾ, ಸಪೋರ್ಟಿಗೆ," ಎಂದರು.

ಆದರೆ ಒಂದು ಬದಲಾವಣೆಯಾಗಿತ್ತು. ಅಲ್ಲಿಂದ ಮುಂದೆ ಒಂದು ತಿಂಗಳೂ ತಪ್ಪದೆ ಅಂಗಡಿಗೆ ಬಂದು ಮಾತ್ರೆ ಕೊಂಡರು. ಪ್ರತಿ ಸಲವೂ, "ಇದರದ್ದೇನೂ ಕೆಲಸ ಇಲ್ಲ, ಆದ್ರೂ ಕೊಡು," ಎನ್ನುವರು. ಕೋಣೆಯ ಕಿಟಕಿಗಳನ್ನೂ ಮುಚ್ಚಲಿಲ್ಲ. ನಂಬಿಕೆಯನ್ನು ಕೂದಲೆಳೆಯಷ್ಟೂ ಬಿಡದೆ, ನಡೆಯನ್ನು ಮಾತ್ರ ಪೂರ್ತಿ ಬದಲಿಸಿಕೊಂಡಿದ್ದರು. ಅಷ್ಟಕ್ಕೆ ನಾನು ತೃಪ್ತಿಪಡಬೇಕಿತ್ತು, ಆಗಲಿಲ್ಲ. "ನೀನು ಹೇಳಿದ್ದು ಸರಿ" ಎಂಬ ಒಂದು ಮಾತು ಅವರ ಬಾಯಿಂದ ಬರಲಿ ಎಂದು ಕಾದೆ. ಮಾತ್ರೆಯ ಸ್ಟ್ರಿಪ್ಪನ್ನು ಕವರಿಗೆ ಹಾಕುವಾಗಲೆಲ್ಲ ಕಾದೆ.

ಈ ವರ್ಷ ಬೇಸಿಗೆ ಶುರುವಾಗುವ ಮುನ್ನ, ಒಂದು ಭಾನುವಾರ ಬೆಳಿಗ್ಗೆ, ಆಂಟಿ ಮೇಲಿನಿಂದ ನನ್ನ ಹೆಸರು ಹಿಡಿದು ಕೂಗಿದರು. ಓಡಿದೆ. ಅಂಕಲ್ ಕುರ್ಚಿಯಲ್ಲಿ ಬೆವತು ಕೂತಿದ್ದರು. ಎಡಗೈ ಎದೆಯ ಮೇಲೆ, ಬಲಗೈಯಲ್ಲಿ ಪುದೀನ ಎಣ್ಣೆಯ ಹತ್ತಿ.

"ಗ್ಯಾಸು ಕಣಮ್ಮಾ. ಇವಳು ಸುಮ್ನೆ ಗಾಬರಿ."

"ಎಷ್ಟೊತ್ತಾಯ್ತು ಆಂಟಿ?"

"ಕಾಫಿ ಕುಡಿದಾಗಿಂದ ಹಿಂಗೇ ಕೂತಿದಾರೆ. ಕೂಗಬೇಡ, ಕರೀಬೇಡ ಅಂತಾರೆ."

ನನ್ನ ಗಂಡ ಆಟೋ ತರಲು ಓಡಿದ. ನಾನು ಅವರ ತೋಳು ಹಿಡಿದು ಎಬ್ಬಿಸಲು ನೋಡಿದೆ. ಅವರು ಕುರ್ಚಿಯ ಕೈಯನ್ನು ಬಿಡಲಿಲ್ಲ. "ಸ್ವಲ್ಪ ಇರಮ್ಮಾ. ಇದು ಕೆಲಸ ಮಾಡ್ಲಿ. ಆಮೇಲೂ ಆಗ್ಲಿಲ್ಲ ಅಂದ್ರೆ ಹೋಗೋಣ."

"ಅಂಕಲ್, ಈಗ ನಿಮ್ಮ ಜೊತೆ ವಾದ ಮಾಡಲ್ಲ. ಏಳಿ!"

"ನೋಡು, ಮತ್ತೆ ದನಿ ಬಿಗಿಯಾಯ್ತು," ಎಂದು ಅವರು ಆ ಹತ್ತಿಯನ್ನು ನನ್ನ ಮೂಗಿನ ಕಡೆ ಚಾಚಿದರು.

ಗಂಡ ಬಂದ ಮೇಲೆ ಮೂವರೂ ಸೇರಿ ಎತ್ತಿಕೊಂಡೇ ಇಳಿಸಿದೆವು. ಆಸ್ಪತ್ರೆ ತಲುಪಿದಾಗ ಉಸಿರಿತ್ತು, ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಮೊದಲೇ ಕರೆತಂದಿದ್ದರೆ ಎಂದು ನಾನು ಡಾಕ್ಟರನ್ನು ಕೇಳಿದೆ. "ಹೇಳಕ್ಕಾಗಲ್ಲ," ಎಂದರು. ಆ "ಹೇಳಕ್ಕಾಗಲ್ಲ" ಎಂಬುದರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದೆನ್ನುತ್ತಾರೆ. ಆ ವಾರವೆಲ್ಲ ನನಗೆ ಅಳು ಬರಲಿಲ್ಲ, ಬರಿ ಸಿಟ್ಟೇ ಬರುತ್ತಿತ್ತು.

ವೈಕುಂಠ ಸಮಾರಾಧನೆಯ ದಿನ ಊಟ ಮುಗಿಸಿ ಕೂತವರೆಲ್ಲ ಅವರನ್ನು ಹೊಗಳಿದರು. ಇಲಾಖೆಯ ಹಳೆಯ ಗೆಳೆಯರೊಬ್ಬರು, "ಹೆಂಡತೀನ ಬರೀ ಘಮದಿಂದ ಗುಣ ಮಾಡಿದ ಮಹಾನುಭಾವ," ಎಂದರು. ಎಲೆ ಅಡಿಕೆ ತಟ್ಟೆ ಹಿಡಿದಿದ್ದ ನಾನು ಬಾಯಿ ತೆರೆಯುವಷ್ಟರಲ್ಲಿ ಆಂಟಿಯೇ ಮಾತಾಡಿದರು.

"ಇಲ್ಲ. ನಾನು ಗುಣ ಆಗಿದ್ದು ಡಾಕ್ಟರ್ ಮಾತ್ರೆಯಿಂದ. ಈಗಲೂ ತಗೋತೀನಿ. ನಿಮ್ಮನೇಲಿ ಯಾರಿಗಾದ್ರೂ ಹಿಂಗಾದ್ರೆ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ."

ಗೆಳೆಯರು ಎಲೆಗೆ ಸುಣ್ಣ ಹಚ್ಚುತ್ತ ತಲೆ ತಗ್ಗಿಸಿದರು. ನಾನು ಇಷ್ಟು ವರ್ಷ ಕೇಳಬೇಕೆಂದಿದ್ದ ಮಾತು ಕೊನೆಗೂ ಆ ಮನೆಯೊಳಗೆ ಕೇಳಿತ್ತು. ಕೇಳಬೇಕಾದವರು ಮಾತ್ರ ಇರಲಿಲ್ಲ.

ನೆಂಟರೆಲ್ಲ ಹೋದ ಮೇಲೆ ಪಾತ್ರೆ ಜೋಡಿಸುತ್ತ ಆಂಟಿಯನ್ನು ಕೇಳಿದೆ. "ಅವರಿಗೇ ಯಾಕೆ ಹೇಳ್ಲಿಲ್ಲ ಆಂಟಿ?"

"ಹೇಳಿದ್ದೆ ಕಣೇ. ಕೆಂಗೇರಿಯಿಂದ ಬಂದ ಹೊಸದರಲ್ಲಿ, ಒಂದೇ ಸಲ. ನಿಮ್ಮ ವಾಸನೆಯಿಂದ ಏನೂ ಆಗ್ಲಿಲ್ಲ ಅಂದೆ."

"ಏನಂದ್ರು?"

"'ಹಾಗಾದ್ರೆ ನಿನಗೆ ನಾನೇನು ಮಾಡಿದ ಹಾಗಾಯ್ತು?' ಅಂದ್ರು. ದಿನಾ ಬಂದು ಪಕ್ಕದಲ್ಲಿ ಕೂತಿದ್ರಲ್ಲ, ಅದು ಸಾಲದಾ ಅಂದೆ."

ಆಂಟಿ ತೊಳೆದ ಕೊಳಗವನ್ನು ಬೋರಲು ಹಾಕಿ, ಸೆರಗಿನಿಂದ ಕೈ ಒರೆಸಿಕೊಂಡರು.

"ಸಾಲಲ್ಲ, ಅಂದ್ರು."